ದಸರೆಯ ಮರುದಿನದ ಚೆಂಡುಹೂವು, ಬಾಗಿಲ ಪರದೆಯ ಹಳದಿ

ದಸರೆಯ ಹಿಂದಿನ ರಾತ್ರಿ ಮುಂಬಯಿಯ ದಾದರ್ ಸ್ಟೇಷನ್ನಿನ ಪಶ್ಚಿಮಕ್ಕಿರುವ ಹೂವಿನ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎಲ್ಲಿ ನೋಡಿದರೂ ಝೇಂಡು, ಅಂದರೆ ನಮ್ಮ ಚೆಂಡುಹೂವು, ಗೋಣಿಗಟ್ಟಲೆ. ಆ ಹೂವು ಲೋಕಲ್ ರೈಲು ಹತ್ತಿ ನಾವಿರುವ ಡೊಂಬಿವಲಿಗೆ ಬಂದು, ಮಾವಿನೆಲೆಯ ಜೊತೆ ತೋರಣವಾಗಿ, ಬಾಗಿಲು, ಕಾರು, ಸ್ಕೂಟರು, ಲಿಫ್ಟು ಎಲ್ಲದರ ಮೇಲೂ ಒಂದು ದಿನ ಇದ್ದು, ಮೂರನೇ ದಿನ ಹೌಸಿಂಗ್ ಸೊಸೈಟಿಯ ಕಸದ ಡಬ್ಬಿ ಸೇರುತ್ತದೆ. ಅದನ್ನು ಕಸಕ್ಕೆ ಹೋಗುವ ಮೊದಲೇ ಹಿಡಿದು ಅರ್ಧ ಕಿಲೋ ಹತ್ತಿ ಬಟ್ಟೆಗೆ ಬಣ್ಣ ಹಾಕಿದ ಲೆಕ್ಕ ಇಲ್ಲಿದೆ: ಒಂದು ಬಾಗಿಲ ಪರದೆ, ಎರಡು ಕುಶನ್ ಕವರು, ತೋರಣಕ್ಕೆಂದು ಒಂದಿಷ್ಟು ಪಟ್ಟಿ.

ಮೊದಲ ಸಲ ಎಲ್ಲರೂ ಮಾಡುವ ತಪ್ಪನ್ನೇ ನಾವೂ ಮಾಡಿದ್ದೆವು. ಹೂವು ಕೈಗೆ ಬಂದ ಮೇಲೆ ಬಟ್ಟೆ ಹುಡುಕಲು ಹೊರಟೆವು. ಹೂವು ಕುದಿಸುವುದು ಒಂದು ಮಧ್ಯಾಹ್ನದ ಕೆಲಸ, ಬಟ್ಟೆ ಹದ ಮಾಡುವುದಕ್ಕೆ ನಾಲ್ಕೈದು ದಿನ ಬೇಕು. ಅಷ್ಟರಲ್ಲಿ ಪ್ಲಾಸ್ಟಿಕ್ ಚೀಲದೊಳಗಿನ ಹೂವು ಬಿಸಿಯೇರಿ, ಬೆವೆತು, ಕಂದಾಗಿ ನಾತ ಹೊಡೆಯತೊಡಗಿತ್ತು. ಆಮೇಲಿಂದ ಬಟ್ಟೆ ಮೊದಲು, ಹೂವು ಕೊನೆಗೆ. ಮಹಾಲಯ ಅಮಾವಾಸ್ಯೆಯ ಹೊತ್ತಿಗೇ ಬಟ್ಟೆಯ ಕೆಲಸ ಶುರು ಮಾಡಿದರೆ ದಸರೆಗೆ ಅದು ಮಡಚಿ ಕಪಾಟಿನಲ್ಲಿ ಕಾದಿರುತ್ತದೆ. ಮುಂಬಯಿ ಸುತ್ತ ಮಳೆ ಹಿಂದೆ ಸರಿಯುವುದು ಸಾಮಾನ್ಯವಾಗಿ ಅಕ್ಟೋಬರ್ ಎರಡನೇ ವಾರದ ಸುಮಾರಿಗೆ. ದಸರೆ ಬೇಗ ಬಂದ ವರ್ಷ ಒಣಗಿಸುವುದಕ್ಕೆ ಫ್ಯಾನೇ ಗತಿ.

ಬಟ್ಟೆಗೆ ಮಂಗಳದಾಸ್ ಮಾರ್ಕೆಟ್ಟಿಗೆ ಹೋದರೆ ಕೋರಾ ಹತ್ತಿ ಬೇಕಾದಷ್ಟು ತರಹ ಸಿಗುತ್ತದೆ. ಮರಾಠಿಯಲ್ಲಿ ಮಾಂಜರಪಾಟ್ ಅಂತ ಕೇಳಬೇಕು. ಬಿಳಿಚಿಸದ, ಸಣ್ಣ ಸಣ್ಣ ಕಂದು ಚುಕ್ಕೆ ಇರುವ ಬಟ್ಟೆ. ಅಂಗಡಿಯವರು ಪ್ಯೂರ್ ಕಾಟನ್ ಎಂದು ಹೇಳಿದರೂ ಅಂಚಿನಿಂದ ನಾಲ್ಕು ಎಳೆ ಕಿತ್ತು ಬೆಂಕಿಕಡ್ಡಿ ಹಿಡಿಯಿರಿ. ಹತ್ತಿ ಕಾಗದದ ಹಾಗೆ ಉರಿದು, ಮುಟ್ಟಿದರೆ ಉದುರುವ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ಎಳೆ ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಪಾಲಿಯೆಸ್ಟರಿಗೆ ಈ ಬಣ್ಣ ಹತ್ತುವುದೇ ಇಲ್ಲ. ಹೊಲಿದ ಪರದೆಗೆ ಬಣ್ಣ ಹಾಕಲು ಹೋದರೆ ಇದೇ ಕಾರಣಕ್ಕೆ ಹೊಲಿಗೆಯ ದಾರ ಮಾತ್ರ ಬೆಳ್ಳಗೆ ಉಳಿದು, ಅಂಚಿನುದ್ದಕ್ಕೂ ಗೆರೆ ಎಳೆದ ಹಾಗೆ ಕಾಣುತ್ತದೆ. ಹೊಲಿಗೆ ಬಣ್ಣ ಹಾಕಿದ ಮೇಲೇ ಆಗಲಿ. ಕೋರಾ ಬಟ್ಟೆ ಮೊದಲ ಕುದಿಗೇ ಕುಗ್ಗುತ್ತದೆ, ಮೀಟರಿಗೆ ನಾಲ್ಕು ಬೆರಳು ಹೆಚ್ಚು ಇಟ್ಟುಕೊಳ್ಳುವುದು ಒಳ್ಳೆಯದು.

ಮುಂದಿನ ಅಳತೆಗಳೆಲ್ಲ ಒಣ ಬಟ್ಟೆಯ ತೂಕದ ಮೇಲೆ ನಿಂತಿವೆ. ಅಡಿಗೆಮನೆಯ ತಕ್ಕಡಿ ಸಾಕು. ನಮ್ಮದು 500 ಗ್ರಾಂ. ಅದಕ್ಕೆ ಕಡಿಮೆಯೆಂದರೂ 12 ಲೀಟರ್ ನೀರು ಬೇಕು, ಬಟ್ಟೆ ನೀರಿನಲ್ಲಿ ಸಲೀಸಾಗಿ ಈಜಾಡಬೇಕು. ಇಕ್ಕಟ್ಟಾದರೆ ಮಡಿಕೆ ಬಿದ್ದಲ್ಲೆಲ್ಲ ಪಟ್ಟೆ. ಪಾತ್ರೆ 15 ಲೀಟರಿನ ಸ್ಟೀಲಿನದಿರಲಿ. ಅಲ್ಯೂಮಿನಿಯಂ ತೋಪು ಅಗ್ಗ, ಹಗುರ, ಆದರೆ ವಾಷಿಂಗ್ ಸೋಡಾ ಅದನ್ನು ತಿನ್ನುತ್ತದೆ. ಕಬ್ಬಿಣದ ಪಾತ್ರೆಯಾದರೆ ಬಣ್ಣವೇ ಕಪ್ಪಿಡುತ್ತದೆ. ಒಂದು ಸಲ ಈ ಕೆಲಸಕ್ಕೆ ಇಳಿದ ಪಾತ್ರೆ, ಸೌಟು, ಜರಡಿ ಮತ್ತೆ ಅಡಿಗೆಗೆ ಹೋಗಬಾರದು.

ಮೊದಲು ಗಂಜಿ ತೆಗೆಯಬೇಕು. ನೇಯುವಾಗ ನೂಲಿಗೆ ಹಚ್ಚಿದ ಗಂಜಿಯೂ ಹತ್ತಿಯದೇ ಮೇಣವೂ ಬಟ್ಟೆಯಲ್ಲಿ ಉಳಿದಿರುತ್ತವೆ. ಬಟ್ಟೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಹೊಸ ನೀರಿಗೆ 15 ಗ್ರಾಂ ವಾಷಿಂಗ್ ಸೋಡಾ ಪುಡಿ, ಒಂದು ಚಮಚ ತುರಿದ ಬಟ್ಟೆ ಸೋಪು ಹಾಕಿ ಒಂದು ಗಂಟೆ ಕುದಿಸಿದೆವು. ಸೋಡಾ ಪುಡಿಯಾಗಿರದೆ ಹರಳಾಗಿದ್ದರೆ ಅದರ ತೂಕದಲ್ಲಿ ಹೆಚ್ಚಿನ ಪಾಲು ನೀರೇ. ಆಗ ಸುಮಾರು ಎರಡೂವರೆ ಪಟ್ಟು ಬೇಕು. ಬೆಳ್ಳಗೆ ಕಾಣುವ ಬಟ್ಟೆಯಿಂದ ಚಹಾದ ಬಣ್ಣದ ನೀರು ಇಳಿದಾಗ ಇದನ್ನು ತಪ್ಪಿಸಿದ್ದರೆ ಏನಾಗುತ್ತಿತ್ತು ಎಂದು ತಾನಾಗಿ ತಿಳಿಯುತ್ತದೆ. ಜಾಲಿಸಿ ಒಣಗಿದ ಮೇಲೆ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ಹನಿ ಮುತ್ತಿನಂತೆ ಕೂತರೆ ಇನ್ನೊಂದು ಕುದಿ ಬೇಕು. ಬಿದ್ದ ಕೂಡಲೇ ಇಂಗಿದರೆ ಮುಂದೆ ಹೋಗಬಹುದು. ಈ ಹನಿ ಪರೀಕ್ಷೆಯನ್ನು ನಾಲ್ಕು ಕಡೆ ಮಾಡಬೇಕು, ಅದರಲ್ಲೂ ಅಂಚಿನ ಹತ್ತಿರ. ಗಂಜಿ ಅಲ್ಲೇ ಹಟ ಹಿಡಿದು ಕೂತಿರುತ್ತದೆ.

ಆಮೇಲೆ ಅಳಲೆಕಾಯಿ. ಬಣ್ಣವನ್ನು ಬಟ್ಟೆಗೆ ಹಿಡಿದಿಡುವುದು ಪಟಿಕ, ಆದರೆ ಹತ್ತಿಯ ಎಳೆಗೆ ಅದು ನೇರವಾಗಿ ಚೆನ್ನಾಗಿ ಹತ್ತುವುದಿಲ್ಲ. ರೇಷ್ಮೆ, ಉಣ್ಣೆಗಾದರೆ ಆ ತಾಪತ್ರಯವಿಲ್ಲ. ಅಳಲೆಯ ಒಗರು, ಅಂದರೆ ಟ್ಯಾನಿನ್, ಮೊದಲು ಎಳೆಗೆ ಕಚ್ಚಿಕೊಂಡು ಪಟಿಕಕ್ಕೆ ಹಿಡಿಕೆಯಾಗುತ್ತದೆ. ರಾಜಸ್ಥಾನದ ಬಗರೂ ಅಚ್ಚಿನ ಬಟ್ಟೆಯೂ ಮೊದಲು ಮುಳುಗುವುದು ಇದರಲ್ಲೇ. ಆಯುರ್ವೇದದ ಬೇರು-ಕಾಯಿ ಮಾರುವ ಅಂಗಡಿಯಲ್ಲಿ ಹಿರಡಾ ಪುಡಿ ಎಂದರೆ ಕೊಡುತ್ತಾರೆ. ಇಡೀ ಕಾಯಿ ತಂದರೆ ಬೀಜ ತೆಗೆದು ಸಿಪ್ಪೆಯಷ್ಟನ್ನೇ ತೂಗಿ. 500 ಗ್ರಾಂ ಬಟ್ಟೆಗೆ 80 ಗ್ರಾಂ ಪುಡಿಯನ್ನು ಮೊದಲು ಅರ್ಧ ಲೀಟರ್ ಬಿಸಿನೀರಿನಲ್ಲಿ ಗಂಟಿಲ್ಲದೆ ಕದಡಿ, ಹಳೆಯ ಪಂಚೆಯಲ್ಲಿ ಸೋಸಿ, ಕೈ ತಡೆಯುವಷ್ಟು ಬಿಸಿಯಿರುವ 12 ಲೀಟರ್ ನೀರಿಗೆ ಸೇರಿಸಿ, ಒದ್ದೆ ಮಾಡಿದ ಬಟ್ಟೆ ಬಿಟ್ಟು ರಾತ್ರಿಯಿಡೀ ಇಟ್ಟೆವು. ಮೊದಲ ಒಂದು ಗಂಟೆ ಆಗಾಗ ತಿರುವಬೇಕು. ಬೆಳಿಗ್ಗೆ ಹಿಂಡಿ, ಜಾಲಿಸದೆ ಹಾಗೇ ನೆರಳಿನಲ್ಲಿ ಒಣಗಿಸುವುದು. ಬಟ್ಟೆ ತೆಳು ಹಳದಿ ತಿರುಗಿರುತ್ತದೆ.

ಈ ಒಣಗಿಸುವ ಹಂತದಲ್ಲಿ ಮುಂಬಯಿ ಕಡೆಯ ಫ್ಲ್ಯಾಟುಗಳಿಗೇ ಮೀಸಲಾದ ಒಂದು ಗಂಡಾಂತರ ಇದೆ: ಬಾಲ್ಕನಿಯ ಕಬ್ಬಿಣದ ಗ್ರಿಲ್ಲು. ನಾಲ್ಕು ತಿಂಗಳ ಮಳೆಯಲ್ಲಿ ನೆನೆದ ಗ್ರಿಲ್ಲಿನ ಮೇಲೆ ಪೇಂಟಿನ ಸಂದಿನಿಂದ ತುಕ್ಕು ಇಣುಕುತ್ತಿರುತ್ತದೆ. ಅಳಲೆ ಕುಡಿದ ಒದ್ದೆ ಬಟ್ಟೆ ಅದಕ್ಕೆ ಒಮ್ಮೆ ತಾಗಿದರೆ ಸಾಕು. ಟ್ಯಾನಿನ್ನೂ ಕಬ್ಬಿಣವೂ ಸೇರಿದರೆ ಶಾಯಿ. ಹಳೆಯ ಕಾಲದಲ್ಲಿ ಬರೆಯುವ ಶಾಯಿ ಮಾಡುತ್ತಿದ್ದದ್ದೇ ಹಾಗೆ. ನಮ್ಮ ಪರದೆಯ ಬಲ ಅಂಚಿನಲ್ಲಿ ಸರಳಿನ ಅಂತರಕ್ಕೆ ಸರಿಯಾಗಿ, ಬೆರಳಗಲದ ಐದು ಬೂದುಗಪ್ಪು ಗೆರೆ ಬಿದ್ದವು, ಸ್ಕೇಲಿಟ್ಟು ಎಳೆದ ಹಾಗೆ. ಲಿಂಬೆರಸ ಉಜ್ಜಿದರೆ ಗೆರೆ ತೆಳುವಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಮೇಲಾಗಿ ಉಜ್ಜಿದ ಜಾಗದ ಹದ ಕೆಟ್ಟು ಅಲ್ಲಿ ಮುಂದೆ ಬಣ್ಣ ಪೇಲವವಾಗಿ ಕೂರುತ್ತದೆ. ಕಲೆ ತೆಗೆಯಲು ಹೋಗದೆ ಬಿಡುವುದೇ ಜಾಣತನ. ಅದನ್ನು ಮುಚ್ಚುವ ದಾರಿ ಮುಂದೆ ಬರುತ್ತದೆ. ಒಣಗಿಸಲು ನೈಲಾನ್ ಹಗ್ಗ, ಪ್ಲಾಸ್ಟಿಕ್ ಕ್ಲಿಪ್ಪು ಬಳಸಿ. ಕ್ಲಿಪ್ಪಿನೊಳಗಿನ ಸ್ಪ್ರಿಂಗ್ ಕೂಡ ಕಬ್ಬಿಣವೇ, ಅದು ಬಟ್ಟೆಗೆ ತಾಗದಂತೆ ನೋಡಿಕೊಳ್ಳಿ.

ನೀರಿನಲ್ಲೂ ಕಬ್ಬಿಣ ಇರಬಹುದು. ಮುನಿಸಿಪಾಲಿಟಿಯ ನಲ್ಲಿನೀರಿನಿಂದ ನಮಗೆ ತೊಂದರೆಯಾಗಲಿಲ್ಲ. ಟ್ಯಾಂಕರು, ಬೋರಿನ ನೀರಾದರೆ ಒಂದು ಗಾಜಿನ ಲೋಟದಲ್ಲಿ ನೀರು ಹಿಡಿದು ಚಿಟಿಕೆ ಅಳಲೆ ಪುಡಿ ಹಾಕಿ ಹತ್ತು ನಿಮಿಷ ಬಿಡಿ. ತಿಳಿ ಹಳದಿ ಉಳಿದರೆ ಚಿಂತೆಯಿಲ್ಲ. ಬೂದಿ ಬಣ್ಣಕ್ಕೆ ತಿರುಗಿದರೆ ಆ ನೀರಿನಲ್ಲಿ ಒಳ್ಳೆಯ ಹಳದಿಯ ಆಸೆ ಬಿಡಬೇಕು.

ಮೂರನೆಯದು ಪಟಿಕ, ಇಲ್ಲಿಯ ತುರಟಿ. ಗಾಜಿನಂತೆ ತಿಳಿಯಾದ ಗಡ್ಡೆ ಆರಿಸಿ, ಕೆಂಪು ಛಾಯೆಯದು ಬೇಡ, ಅದರಲ್ಲೂ ಕಬ್ಬಿಣದ ಅಂಶ ಇರುತ್ತದೆ. 90 ಗ್ರಾಂ ಕುಟ್ಟಿ ಒಂದು ಲೀಟರ್ ಬಿಸಿನೀರಿನಲ್ಲಿ ಕರಗಿಸಿ. ಬೇರೆ ಲೋಟದಲ್ಲಿ 12 ಗ್ರಾಂ ವಾಷಿಂಗ್ ಸೋಡಾ ಕರಗಿಸಿ, ಅದನ್ನು ಪಟಿಕದ ನೀರಿಗೆ ಚಮಚ ಚಮಚವಾಗಿ ಬಿಡಿ. ಪ್ರತಿ ಸಲವೂ ಬುಸುಗುಟ್ಟಿ ನೊರೆ ಏಳುತ್ತದೆ. ಒಂದೇ ಸಲ ಸುರಿದರೆ ನೊರೆ ಉಕ್ಕಿ ನೆಲದ ಪಾಲು, ಹಾಗಾಗಿ ಬಕೆಟ್ ದೊಡ್ಡದಿರಲಿ. ಪಟಿಕ ಹುಳಿ, ಸೋಡಾ ಆ ಹುಳಿಯನ್ನು ಅರ್ಧ ಮುರಿದು ಅಲ್ಯೂಮಿನಿಯಂ ಎಳೆಯ ಮೇಲೆ ಕೂರಲು ಸಹಾಯ ಮಾಡುತ್ತದೆ. ಸೋಡಾ ಜಾಸ್ತಿಯಾದರೆ ಬಿಳಿ ಹಿಟ್ಟಿನಂಥ ಗಸಿ ಕೆಳಗಿಳಿಯುತ್ತದೆ, ಆಗ ಪಟಿಕ ಬಟ್ಟೆಗೆ ಹತ್ತದೆ ಬಕೆಟಿನ ತಳದಲ್ಲೇ ಉಳಿಯಿತು ಎಂದು ಅರ್ಥ. ನೊರೆ ಅಡಗಿದ ಮೇಲೆ 12 ಲೀಟರ್ ಉಗುರುಬೆಚ್ಚಗಿನ ನೀರಿಗೆ ಸೇರಿಸಿ, ಬಟ್ಟೆ ಮುಳುಗಿಸಿ 12 ಗಂಟೆ. ಹಿಂಡಿ ಒಣಗಿಸಿ ಎರಡು ದಿನ ಹಾಗೇ ಬಿಟ್ಟೆವು. ಬಣ್ಣಕ್ಕೆ ಇಳಿಸುವ ಮುನ್ನ ಒಂದೇ ಸಲ ಜಾಲಿಸಬೇಕು, ಇಲ್ಲವಾದರೆ ಮೇಲೆ ಸಡಿಲವಾಗಿ ಕೂತ ಪಟಿಕ ಬಣ್ಣವನ್ನು ಹಂಡೆಯಲ್ಲೇ ಹಿಡಿದುಕೊಂಡು ಬಿಡುತ್ತದೆ.

ಸಮಯ ಉಳಿಸಲು ಪಟಿಕವನ್ನು ಹೂವಿನ ಜೊತೆಗೇ ಕುದಿಸುವವರಿದ್ದಾರೆ. ಹಳದಿ ಬರುತ್ತದೆ, ನಿಲ್ಲುವುದು ಕಷ್ಟ. ಇನ್ನೊಂದು ತೊಂದರೆ, ಕುದಿಸಿದ ಹೂವಿನ ಚರಟವೆಲ್ಲ ಪಟಿಕಮಯವಾಗಿ ಗೊಬ್ಬರದ ಡಬ್ಬಿಗೆ ಹಾಕುವ ಹಾಗಿರುವುದಿಲ್ಲ. ಬೇರೆ ಬೇರೆ ಮಾಡಿದರೆ ಹೂವು ಬರೀ ಹೂವಾಗಿಯೇ ಉಳಿಯುತ್ತದೆ.

ಇಷ್ಟಾದ ಮೇಲೆ ಹೂವು. ದಸರೆಯ ಮರುದಿನ ಬೆಳಿಗ್ಗೆ ಸೊಸೈಟಿಯ ಮೆಟ್ಟಿಲ ಬುಡದಲ್ಲಿ ಒಂದು ಬಿದಿರು ಬುಟ್ಟಿ ಇಟ್ಟು, ತೋರಣಗಳನ್ನು ಇಲ್ಲಿ ಹಾಕಿ ಎಂದು ಮರಾಠಿಯಲ್ಲೂ ಕನ್ನಡದಲ್ಲೂ ಚೀಟಿ ಅಂಟಿಸಿದರೆ ಮಧ್ಯಾಹ್ನದೊಳಗೆ ತುಂಬುತ್ತದೆ. ಎರಡನೇ ಮಹಡಿಯ ಧಾರವಾಡದ ಅಜ್ಜಿ ಬುಟ್ಟಿಯಲ್ಲಿ ಇಣುಕಿ, “ದೇವರಿಗೆ ಏರಿಸಿದ್ದನ್ನ ಒಲಿ ಮ್ಯಾಲೆ ಇಡಬ್ಯಾಡ್ರವಾ” ಎಂದರು. “ಬಾಗಿಲ ತೋರಣ ಮಾತ್ರ ಅಜ್ಜಿ” ಎಂದು ನಾವು ಹೇಳಿದ ಮೇಲೆ ಅವರೇ ತಮ್ಮ ಬಾಗಿಲದನ್ನು ತಂದು ಹಾಕಿದರು. ಬಣ್ಣದ ದೃಷ್ಟಿಯಿಂದಲೂ ಅದೇ ಸರಿ. ಪೂಜೆಯ ಹೂವಿಗೆ ಕುಂಕುಮ, ಎಣ್ಣೆ ತಾಗಿರುತ್ತವೆ, ಕುಂಕುಮದ ಕೆಂಪು ಬಟ್ಟೆಯ ಮೇಲೆ ಚುಕ್ಕೆಯಾಗಿ ಕೂರುತ್ತದೆ. ಗಾಡಿಗಳ ಹಾರದಲ್ಲಿ ಗ್ರೀಸು, ರಸ್ತೆಯ ಧೂಳು. ಅವೂ ಬೇಡ.

ಬಿಡಿಸುವುದು ಕೂತು ಮಾಡುವ ಕೆಲಸ. ನೂಲು, ಜರಿ, ಪ್ಲಾಸ್ಟಿಕ್ ಎಲೆ, ಬಂಗಾರವೆಂದು ಹಂಚಿದ ಆಪಟೆಯ ಎಲೆ (ನಮ್ಮ ಕಡೆ ಬನ್ನಿ ಕೊಡುವ ಹಾಗೆ ಇಲ್ಲಿ ಆಪಟೆ) ಎಲ್ಲ ಬೇರೆ. ಹಸಿರು ತೊಟ್ಟಿನ ಬಟ್ಟಲು ಕಿತ್ತು ಎಸಳಷ್ಟೇ ಉಳಿಸಿಕೊಂಡರೆ ಹಳದಿ ಚೊಕ್ಕವಾಗಿರುತ್ತದೆ. ಹಸಿರು ಸೇರಿದರೆ ಬಣ್ಣ ಸ್ವಲ್ಪ ಮಂಕು. ಕಪ್ಪಿಟ್ಟ, ಲೋಳೆ ಬಂದ ಹೂವು ಒಂದಾದರೂ ತೆಗೆದುಬಿಡಿ. 500 ಗ್ರಾಂ ಬಟ್ಟೆಗೆ ಒಂದೂವರೆ ಕಿಲೋ ಹಸಿ ಎಸಳು. ಆ ದಿನವೇ ಕುದಿಸಲಾಗದಿದ್ದರೆ ಹಳೇ ಬೆಡ್‌ಶೀಟಿನ ಮೇಲೆ ಒಂದೇ ಪದರವಾಗಿ ಹರಡಿ ಫ್ಯಾನಿನ ಕೆಳಗೆ ಒಣಗಿಸಿ. ರಾಶಿ ಮಾಡಿದರೆ ರಾತ್ರಿಯೊಳಗೆ ಒಳಗಡೆ ಬೆಚ್ಚಗಾಗುತ್ತದೆ.

ಕೇಸರಿ ಹೂವಿನಿಂದ ಕೇಸರಿ ಬಣ್ಣ ಬರುತ್ತದೆಂದು ಕಾಯಬೇಡಿ. ಎಸಳಿನ ಕೇಸರಿ ಕ್ಯಾರೊಟಿನಾಯ್ಡ್ ಜಾತಿಯ ಬಣ್ಣ, ಎಣ್ಣೆಗೆ ಕರಗುವಂಥದ್ದು, ನೀರಿಗಲ್ಲ. ಹಂಡೆಯಲ್ಲಿ ನೀರಿಗಿಳಿದು ಬಟ್ಟೆ ಹಿಡಿಯುವುದು ಅದರ ಜೊತೆಗಿರುವ ಫ್ಲೇವನಾಯ್ಡ್ ಹಳದಿ. ಕೇಸರಿ ಹೂವು ಹಾಕಿದರೆ ಹಳದಿ ತುಸು ಗಾಢ, ಅಷ್ಟೇ ವ್ಯತ್ಯಾಸ. ಅಂದಹಾಗೆ ನಮ್ಮ ಯಾವ ಹಬ್ಬವೂ ಬಿಟ್ಟಿರಲಾರದ ಈ ಹೂವು ಮೂಲದಲ್ಲಿ ಮೆಕ್ಸಿಕೊ ಕಡೆಯದು. ನರ್ಸರಿಗಳಲ್ಲಿ ಇದಕ್ಕೆ ಆಫ್ರಿಕನ್ ಎಂಬ ಹೆಸರು ಬೇರೆ.

ಎಸಳು ಮುಳುಗುವಷ್ಟು ನೀರಿಟ್ಟು ಒಂದು ಗಂಟೆ ಕಾಯಿಸಬೇಕು, ಕೊತಕೊತ ಕುದಿಸಬಾರದು. ತಳದಿಂದ ಸಣ್ಣ ಗುಳ್ಳೆ ಏಳುತ್ತಿರಬೇಕು, ಮೇಲೆ ಆವಿ ಆಡುತ್ತಿರಬೇಕು, ಅಷ್ಟೇ ಉರಿ. ಜೋರಾಗಿ ಕುದಿಸಿದ ಸಲ ಹಳದಿಗೆ ಕಂದು ಮಿಶ್ರವಾಗಿ ಬಂದಿತ್ತು. ಮನೆಯಲ್ಲಿ ತರಕಾರಿ ಬೇಯಿಸಿದ ಹಾಗೂ ಅಲ್ಲದ, ಕಷಾಯವೂ ಅಲ್ಲದ ಒಂದು ವಾಸನೆ ಹಿಡಿಯುತ್ತದೆ, ಕಿಟಕಿ ತೆರೆದಿಡಿ. ಎಸಳು ಪೇಲವವಾದ ಮೇಲೆ ಬಟ್ಟೆಯಲ್ಲಿ ಸೋಸಬೇಕು, ಜರಡಿ ಸಾಲದು. ಉಳಿದ ಒಂದೊಂದು ಎಸಳೂ ಪರದೆಗೆ ಅಂಟಿ ಅಲ್ಲಿ ಗಾಢ ಮಚ್ಚೆ ಬಿಡುತ್ತದೆ. ಸೋಸಿದ ರಸಕ್ಕೆ ನೀರು ಸೇರಿಸಿ 12 ಲೀಟರ್ ಮಾಡಿ, ಉಗುರುಬೆಚ್ಚಗಾದಾಗ ಒದ್ದೆ ಬಟ್ಟೆ ಇಳಿಸಿ, ಅರ್ಧ ಗಂಟೆಯಲ್ಲಿ ನಿಧಾನ ಬಿಸಿಯೇರಿಸಿ, ಮತ್ತೆ ಮುಕ್ಕಾಲು ಗಂಟೆ ಅದೇ ಗುಳ್ಳೆ ಹದದಲ್ಲಿ ಇಟ್ಟೆವು. ಒಣ ಬಟ್ಟೆ ಇಳಿಸಿದರೆ ಅಥವಾ ಸುಡುವ ರಸಕ್ಕೇ ಇಳಿಸಿದರೆ ಮೊದಲು ಮುಟ್ಟಿದ ಕಡೆ ಬಣ್ಣವೆಲ್ಲ ಸೇರಿಕೊಳ್ಳುತ್ತದೆ. ಮೊದಲ ಇಪ್ಪತ್ತು ನಿಮಿಷ ಕೈಬಿಡದೆ ತಿರುವುತ್ತಿರಬೇಕು, ಆಮೇಲೆ ಐದೈದು ನಿಮಿಷಕ್ಕೊಮ್ಮೆ ಸಾಕು. ಒಲೆ ಆರಿಸಿ, ಹಳೆಯ ರಜಾಯಿ ಸುತ್ತಿ ರಾತ್ರಿಯಿಡೀ ಬಿಟ್ಟರೆ ಗ್ಯಾಸ್ ಉಳಿಯುತ್ತದೆ, ಬಣ್ಣವೂ ಇನ್ನಷ್ಟು ಇಳಿಯುತ್ತದೆ. ಗಂಜಿ ತೆಗೆಯುವುದು, ಹೂವು ಕಾಯಿಸುವುದು, ಬಣ್ಣ ಹಾಕುವುದು ಸೇರಿ ಮೂರು ಗಂಟೆಗೂ ಮಿಕ್ಕಿ ಒಲೆ ಉರಿಯುತ್ತದೆ. ಪರಿಸರಸ್ನೇಹಿ ಎಂಬ ಚೀಟಿ ಅಂಟಿಸುವ ಮೊದಲು ಈ ಗ್ಯಾಸಿನ ಲೆಕ್ಕವನ್ನೂ ಬರೆದಿಡಬೇಕು. ಸಣ್ಣ ಸಣ್ಣ ತುಂಡಿಗೆ ಒಲೆ ಹಚ್ಚುವುದಕ್ಕಿಂತ ಎರಡು ಮೂರು ಮನೆ ಸೇರಿ ಒಂದೇ ಹಂಡೆ ಇಡುವುದು ಮೇಲು.

ಬೆಳಿಗ್ಗೆ ಪರದೆ ಸಾಸಿವೆ ಹೂವಿನ ಹಳದಿಯಲ್ಲಿ ಎದ್ದಿತು. ಜೊತೆಗೆ ಬಲ ಅಂಚಿನಲ್ಲಿ ಗ್ರಿಲ್ಲಿನ ಐದೂ ಗೆರೆ. ಅದಕ್ಕೆ ಮದ್ದು ಕಬ್ಬಿಣವೇ. ಅನ್ನಭೇದಿ (ಕಬ್ಬಿಣದ ಲವಣ, ಫೆರಸ್ ಸಲ್ಫೇಟ್) 500 ಗ್ರಾಂ ಬಟ್ಟೆಗೆ 5 ಗ್ರಾಂ, ಅಂದರೆ ಬಟ್ಟೆಯ ತೂಕದ ನೂರಕ್ಕೆ ಒಂದು ಭಾಗ, ಬೇರೆ ಬಕೆಟ್ಟಿನ ಬೆಚ್ಚನೆಯ ನೀರಿನಲ್ಲಿ ಕರಗಿಸಿ ಪರದೆಯನ್ನು ಮುಳುಗಿಸಿದರೆ ಕಣ್ಣೆದುರಿಗೇ ಹಳದಿ ಪಾಚಿ ಹಸಿರಾಗುತ್ತದೆ. ಐದು ನಿಮಿಷ, ಹೆಚ್ಚೆಂದರೆ ಹತ್ತು, ಅಷ್ಟೂ ಹೊತ್ತು ತಿರುವುತ್ತಲೇ ಇರಬೇಕು. ಗೆರೆಗಳು ಹಸಿರಿನಲ್ಲಿ ಕರಗಿ, ಗೊತ್ತಿದ್ದವರಿಗೆ ಮಾತ್ರ ಕಾಣುವ ಹಾಗೆ ಉಳಿದವು. ಕಬ್ಬಿಣ ಹೆಚ್ಚು ಹಾಕುವ ಆಸೆ ಆಗುತ್ತದೆ, ಬೇಡ. ಅದು ಹತ್ತಿಯನ್ನು ಕ್ರಮೇಣ ಪುಸುಕು ಮಾಡುತ್ತದೆ, ಎರಡು ವರ್ಷದಲ್ಲಿ ಮಡಿಕೆಯ ಜಾಗದಲ್ಲೇ ಹರಿಯಬಹುದು. ಅನ್ನಭೇದಿ ಬೇಡದವರು ತುಕ್ಕು ಮೊಳೆ, ಬೆಲ್ಲ, ನೀರು ಸೇರಿಸಿ ಎರಡು ಮೂರು ವಾರ ಹುಳಿಸಿದ ಕಪ್ಪುನೀರು ಬಳಸಬಹುದು, ಕಲಂಕಾರಿಯ ಕಪ್ಪು ಗೆರೆಗೆ ಬಳಸುವುದು ಅದನ್ನೇ. ಆದರೆ ಅದರಲ್ಲಿ ಕಬ್ಬಿಣ ಎಷ್ಟಿದೆಯೆಂದು ತೂಗಲು ಬರುವುದಿಲ್ಲ, ತುಂಡು ಬಟ್ಟೆಯ ಮೇಲೆ ನೋಡಿಯೇ ಇಳಿಸಬೇಕು. ಹಳದಿಯಾಗಿ ಉಳಿಯಬೇಕಾದ ಬಟ್ಟೆ ಈ ಬಕೆಟ್ಟಿನ ಹತ್ತಿರವೂ ಬರಬಾರದು. ಸೌಟೂ ಬೇರೆ.

ಕುಶನ್ ಕವರಿಗೆ ಹಂಡೆ ಬೇಕಾಗಲಿಲ್ಲ. ಪಟಿಕದ ವರೆಗಿನ ಹದ ಅದೇ. ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿದ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಅರ್ಧ ಭಾಗದ ಮೇಲೆ ಎಸಳುಗಳನ್ನು ಬಿಡಿ ಬಿಡಿಯಾಗಿ ಉದುರಿಸಿ, ಉಳಿದರ್ಧ ಮಡಚಿ ಮುಚ್ಚಿ, ಒಂದಡಿ ಉದ್ದದ ಪಿವಿಸಿ ಪೈಪಿಗೆ ಬಿಗಿಯಾಗಿ ಸುತ್ತಿ, ಹತ್ತಿ ದಾರದಿಂದ ಬೆರಳಂತರಕ್ಕೊಂದು ಸುತ್ತು ಕಟ್ಟಿದೆವು. ಹಬೆಗೆ ತಳ ಸೋರುವ ಹಳೇ ಇಡ್ಲಿ ಪಾತ್ರೆಗೆ ಬೆಸುಗೆ ಹಾಕಿಸಿ ಇಟ್ಟುಕೊಂಡದ್ದು ಒದಗಿತು. ಒಂದು ಗಂಟೆ ಹಬೆ. ಮುಚ್ಚಳದ ಒಳಗೆ ಒಂದು ಬಟ್ಟೆ ಕಟ್ಟದಿದ್ದರೆ ಹನಿ ತೊಟ್ಟಿಕ್ಕಿ ಅಚ್ಚು ಕದಡುತ್ತದೆ. ಬಿಚ್ಚುವ ಆತುರವನ್ನು ಮರುದಿನದ ತನಕ ತಡೆದುಕೊಳ್ಳಬೇಕು, ಬಿಸಿಯಲ್ಲೇ ಬಿಚ್ಚಿದರೆ ಅಚ್ಚು ಮಸುಕು. ಸರಿಯಾಗಿ ಬಂದ ಕಡೆ ಎಸಳಿನ ಒಳಗಿನ ನೆರಿಗೆ ಕೂಡ ಹಳದಿ ಗೆರೆಯಾಗಿ ಮೂಡಿರುತ್ತದೆ, ಅಂಚು ಗಾಢ, ನಡು ತಿಳಿ. ಒಂದು ಕವರಿಗೆ ಒಂದು ಹಿಡಿ ಎಸಳು ಸಾಕು. ಎರಡನೆಯದಕ್ಕೆ ನಾಲ್ಕು ಹಿಡಿ ಸುರಿದು ನೋಡಿದೆವು, ಅಚ್ಚೇ ಇಲ್ಲ, ಮೊಸರನ್ನಕ್ಕೆ ಅರಿಶಿನ ಬಿದ್ದ ಹಾಗೆ ಬರೀ ಕಲಸುಮೇಲೋಗರ.

ಬಣ್ಣ ಹಾಕಿದ ಬಟ್ಟೆಯನ್ನು ಒಣಗಿಸಿ ಒಂದು ವಾರ ಬಿಟ್ಟು ಆಮೇಲೆ ತೊಳೆದರೆ ಕಡಿಮೆ ಇಳಿಯುತ್ತದೆ. ತೊಳೆಯಲು ಅಂಟುವಾಳದ ನೀರು ಅಥವಾ ಸೌಮ್ಯ ಲಿಕ್ವಿಡ್ ಸೋಪು. ಮಾಮೂಲಿ ಡಿಟರ್ಜೆಂಟ್ ಪುಡಿ ಕ್ಷಾರ, ಅದರಲ್ಲಿ ಹಳದಿ ಕಿತ್ತಳೆಯತ್ತ ಜಾರುತ್ತದೆ. ಲಿಂಬೆಶರಬತ್ತು ಚೆಲ್ಲಿದರೆ ಅಲ್ಲಿ ಬಿಳಿಚಿಕೊಳ್ಳುತ್ತದೆ. ಬಿಸಿಲಿಗೆ ಈ ಹಳದಿ ಗಟ್ಟಿಗನಲ್ಲ. ಪಶ್ಚಿಮದ ಕಿಟಕಿಗೆ ತೂಗುಹಾಕಿದರೆ ಬೇಸಿಗೆ ಕಳೆಯುವುದರೊಳಗೆ ಮಡಿಕೆಯ ಹೊರಭಾಗವೆಲ್ಲ ಮಾಸಿ ಪಟ್ಟೆ ಬೀಳುತ್ತದೆ. ನಡುಮನೆಯ ಬಾಗಿಲು, ದೇವರ ಕೋಣೆ, ಪುಸ್ತಕದ ಕಪಾಟು ಇದಕ್ಕೆ ಸರಿಯಾದ ಜಾಗ. ಕಬ್ಬಿಣ ಕಂಡ ಹಸಿರು ಇನ್ನಷ್ಟು ತಾಳಿಕೆಯದು, ಬೆಳಕು ಬೀಳುವ ಕಡೆಗೆ ಅದನ್ನೇ ಹಾಕಿ.

ಉಳಿದ ರಸ ಚೆಲ್ಲಬೇಡಿ, ಇನ್ನೊಂದು 150 ಗ್ರಾಂ ಬಟ್ಟೆಗೆ ತಿಳಿ ಬೆಣ್ಣೆ ಬಣ್ಣ ಕೊಡುವಷ್ಟು ಕಸುವು ಅದರಲ್ಲಿದೆ. ನಮ್ಮ ತೋರಣದ ಪಟ್ಟಿಗಳು ಅದರಲ್ಲೇ ಮುಗಿದವು. ಪಟಿಕದ ನೀರಿಗೆ 45 ಗ್ರಾಂ ಪಟಿಕ ಸೇರಿಸಿ ಮತ್ತೊಂದು ಸಲ ಬಳಸಬಹುದು. ಕೊನೆಗೆ ಎರಡು ಬಕೆಟ್ ನೀರು ಬೆರೆಸಿ ಮೋರಿಗೆ ಬಿಡಬೇಕು, ತುಳಸಿ ಕುಂಡಕ್ಕಲ್ಲ, ಅದು ಮಣ್ಣನ್ನು ಹುಳಿ ಮಾಡುತ್ತದೆ. ಬೆಂದ ಎಸಳು ತುಂಬಾ ಒದ್ದೆ, ಹಾಗೇ ಗೊಬ್ಬರದ ಡಬ್ಬಿಗೆ ಸುರಿದರೆ ಮೂರು ದಿನಕ್ಕೆ ನಾತ. ಹಿಂಡಿ, ಅದರಷ್ಟೇ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಬೆರೆಸಿ.

ಬಳಸದೆ ಉಳಿದ ಎಸಳು ಗರಿಗರಿಯಾಗಿ ಒಣಗಿದ ಮೇಲೆ ಗಾಳಿಯಾಡದ ಡಬ್ಬಿಗೆ. ನೂರು ಗ್ರಾಂ ಒಣ ಎಸಳು ಸುಮಾರು ಮುಕ್ಕಾಲು ಕಿಲೋ ಹಸಿಯದಕ್ಕೆ ಸಮ ಎಂದು ಲೆಕ್ಕ ಹಿಡಿದಿದ್ದೇವೆ. ದಸರೆಯಾಗಿ ಇಪ್ಪತ್ತು ದಿನಕ್ಕೆ ದೀಪಾವಳಿ, ಬುಟ್ಟಿ ಮತ್ತೆ ತುಂಬುತ್ತದೆ. ಕೋರಾ ಬಟ್ಟೆಯ ಇನ್ನೊಂದು ಅರ್ಧ ಕಿಲೋ ಈಗ ಅಳಲೆಯ ಬಕೆಟ್ಟಿನಲ್ಲಿದೆ, ಈ ಸಲ ಹಗ್ಗ ಕಟ್ಟಿದ್ದು ಬಾಲ್ಕನಿಯಲ್ಲಲ್ಲ, ಪಡಸಾಲೆಯ ಫ್ಯಾನಿನ ಕೆಳಗೆ.